ಬೇಸಗೆಯ ಬಿಡುವೂ ಉಣ್ಣೆಯ ಹೆಣಿಗೆಯೂ



ಬೇಸಗೆಯ ರಜೆಯ ವಿಷಯವಾಗಿ ಕೆಲವು ಮಾತುಗಳನ್ನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಆ ರಜೆಯ ಒಂದು ಶನಿವಾರ ಭಾನುವಾರಗಳನ್ನು ಮನೆಯ ಆಸುಪಾಸಿನ ಊರುಗಳಲ್ಲಿ ಸುತ್ತಾಡುತ್ತ, ಸುತ್ತಾಟದ ನಡುನಡುವೆ ಉಣ್ಣೆಯ ಹೆಣಿಗೆಯಲ್ಲಿ ಕೈಯಾಡಿಸುತ್ತ ಕಳೆಯುವ ಸುಖವನ್ನು ಕುರಿತೇ ಹೇಳುವುದೆಂದು ನಾನು ನಿಶ್ಚಯಿಸಿದೆನು. ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಪ್ರಸ್ತಾಪವೇಕೆಂದು ಬಯಲುಸೀಮೆಯ ಶ್ರೋತೃಗಳಿಗೆ ಅನಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮಲೆನಾಡಿನ ಮೂರು ತಾಲ್ಲೂಕುಗಳ ಜನಕ್ಕೆ ಮಾತ್ರ ಅದರಲ್ಲಿ ವಿಚಿತ್ರವೇನೂ ತೋರದು. ಸೌದೆಯನ್ನು ಒಡೆದು ಕೊಟ್ಟಿಗೆಯ ಮಗ್ಗುಲಿಗೆ ಒಟ್ಟುವುದು, ಹಲಸಿನ ಹಪ್ಪಳವನ್ನು ಅಂಗಳದ ಚಾಪೆಯ ಮೇಲೆ ಹರವಿ ಒಣಗಿಸುವುದು, ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟುವುದು, ಎರಚಲು ಹೊಡೆಯುವ ಗೋಡೆಗೆ ಸೋಗೆಯ ಜಡಿತಟ್ಟಿಯನ್ನು ಹೊಂದಿಸುವುದು, ಇವೆಲ್ಲವೂ ನಮ್ಮ ಕಡೆ ಬೇಸಗೆಯ ಕೆಲಸಗಳೇ ಆದರೂ ಇವುಗಳ ದೃಷ್ಟಿಯೆಲ್ಲ ನೆಟ್ಟಿರುವುದು ಜೂನ್ ತಿಂಗಳ ಮೋಡದ ಮೇಲೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದು. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೆ ಹೆಚ್ಚು ಹಿಂದೆ ಬಿದ್ದದ್ದಲ್ಲ. ಇಂಥ ಸೀಮೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ ಬೆಚ್ಚನೆಯ ಅಂಗಿಯೊಂದು ಬೇಕಾದರೆ ಅದು ಮೇ ತಿಂಗಳಿನಲ್ಲಿಯೇ ಕಡ್ಡಿಯ ಮೇಲೆ ಏರಿರಬೇಕು. ಮಳೆ ಹಿಡಿದ ಮೇಲೆ ಹೆಣೆಯತೊಡಗಿದ ಸ್ವೆಟರು ಮಳೆ ಬಿಟ್ಟ ಮೇಲೆ ಮುಗಿಯುವುದು.

ಮಲೆನಾಡಿಗೂ ಉಣ್ಣೆಗೂ ಇರುವ ಸಂಬಂಧ ನಮ್ಮ ಹೆಣಿಗೆಯ ಕಡ್ಡಿಗಳಿಗಿಂತ ಬಹಳ ಹಳೆಯದು. ಕುರಿ ನಮ್ಮ ನೆಲದ ಪ್ರಾಣಿಯಲ್ಲ; ಇಲ್ಲಿಯ ಜೌಗು ಅದಕ್ಕೆ ಒಗ್ಗದು. ಆದರೂ ಚಳ್ಳಕೆರೆ, ಚಿತ್ರದುರ್ಗಗಳ ಒಣಪ್ರದೇಶದಲ್ಲಿ ಕುರುಬರು ನೆಯ್ದ ಕರಿಯ ಕಂಬಳಿಯು ಎಷ್ಟೋ ತಲೆಮಾರುಗಳಿಂದ ಘಟ್ಟದ ಈ ಮಗ್ಗುಲಿಗೆ ಬಂದು, ಗದ್ದೆಯಲ್ಲಿ ನಟ್ಟಿಗೆ ನಿಂತವರ ಬೆನ್ನ ಮೇಲೆ ಕಂಬಳಿಕೊಪ್ಪೆಯಾಗಿ ಮಳೆಗಾಲಗಳನ್ನು ಕಳೆದಿದೆ. ಆ ಕಂಬಳಿಯ ನೂಲಿಗೆ ಹುಣಸೆಬೀಜದ ಸರಿಯನ್ನು ಉಣಿಸಿ ಬಿಗಿ ಮಾಡುತ್ತಿದ್ದರೆಂಬುದನ್ನೂ, ಮಳೆಯ ಹನಿ ಅದರ ಒರಟು ಮೈಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತೆಂಬುದನ್ನೂ ಹಿರಿಯರು ಬಲ್ಲರು. ಉಣ್ಣೆಯ ಎಳೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡ ಮೇಲೂ ಮುಟ್ಟಿದ ಕೈಗೆ ಒದ್ದೆಯೆಂದು ತೋರುವುದಿಲ್ಲ. ಹತ್ತಿಯ ಬಟ್ಟೆಯಾದರೋ ಒಮ್ಮೆ ನೆನೆದರೆ ಮೈಗೆ ಅಂಟಿ ಮೈಯ ಕಾವನ್ನೇ ಕಸಿಯುತ್ತದೆ. ನಾಲ್ಕು ದಿನವಾದರೂ ಬಟ್ಟೆ ಆರದೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸುವ ನಾಡಿನಲ್ಲಿ ಈ ಒಂದು ಗುಣ ಎಷ್ಟು ದೊಡ್ಡದೆಂಬುದನ್ನು ಅನುಭವಿಸಿದವರೇ ಅರಿಯಬೇಕು.

ಕಂಬಳಿಯ ನೆಯ್ಗೆಗೂ ಸ್ವೆಟರಿನ ಹೆಣಿಗೆಗೂ ಮೂಲದಲ್ಲಿಯೇ ಭೇದವುಂಟು. ನೆಯ್ಗೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅದಕ್ಕೆ ಮಗ್ಗ ಬೇಕು, ಮಗ್ಗಕ್ಕೆ ಮನೆಯಲ್ಲಿ ಒಂದು ನೆಲೆ ಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದೇ ಎಳೆಯು ತನ್ನೊಳಗೆ ತಾನು ಕುಣಿಕೆಯಾಗಿ ತೂರುತ್ತ ಸಾಲಿನ ಮೇಲೆ ಸಾಲಾಗಿ ಬೆಳೆಯುವುದರಿಂದ ಆ ಬಟ್ಟೆಗೆ ಎಳೆದತ್ತ ಹಿಗ್ಗುವ, ಬಿಟ್ಟೊಡನೆ ಕುಗ್ಗುವ ಗುಣ ಬರುತ್ತದೆ. ಸಾಮಗ್ರಿಯೆಂದರೆ ಎರಡು ಕಡ್ಡಿ, ಒಂದು ಉಂಡೆ, ಕೈಚೀಲದಲ್ಲಿ ಅಡಗುವಷ್ಟು. ಈಜಿಪ್ಟಿನಲ್ಲಿ ದೊರೆತ, ಸುಮಾರು ಸಾವಿರ ವರ್ಷಗಳ ಹಿಂದಿನವೆನ್ನಲಾದ ಕಾಲುಚೀಲಗಳಲ್ಲಿ ಈ ವಿದ್ಯೆ ಆಗಲೇ ಪಳಗಿದ ರೂಪದಲ್ಲಿ ಕಾಣುತ್ತದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನೇ ಕಟ್ಟಿದನು. ಯಂತ್ರ ಬಂದು ನಾಲ್ಕು ಶತಮಾನಗಳು ಸಂದರೂ ಕೈಯ ಕಡ್ಡಿ ಸುಮ್ಮನಾಗಲಿಲ್ಲ. ನಮ್ಮಲ್ಲಿಗೆ ಅದು ಬಂದದ್ದು ಬಹುಮಟ್ಟಿಗೆ ಶಾಲೆಯ ದಾರಿಯಿಂದ. ಹೆಣ್ಣುಮಕ್ಕಳ ಕೈಗೆಲಸದ ತರಗತಿಯಲ್ಲಿ ಕಸೂತಿ, ಹೊಲಿಗೆಗಳ ಜೊತೆಗೆ ಕಲಿತ ಹೆಣಿಗೆಯು ಮನೆಗೆ ಬಂದು, ಜಗಲಿಯಲ್ಲಿ ಕುಳಿತ ಅತ್ತೆಯ ಕೈಗೂ ನಾದಿನಿಯ ಕೈಗೂ ಹತ್ತಿ, ಮುಂದೆ ಹುಟ್ಟಲಿರುವ ಕೂಸಿನ ಕುಲಾವಿಯಾಗಿ, ಮುದುಕರ ಮಫ್ಲರಾಗಿ ಮನೆಮನೆಯ ಪೆಟ್ಟಿಗೆಯನ್ನು ಸೇರಿತು.

ಪ್ರವಾಸವೆಂದೊಡನೆ ಊಟಿಯನ್ನೋ ಕಾಶ್ಮೀರವನ್ನೋ ನೆನೆಯುವ ರೂಢಿ ಈಗ ಬಲವಾಗಿದೆ. ದೂರದ ಊರು ಬೇಡವೆನ್ನುವವಳು ನಾನಲ್ಲ. ಆದರೆ ದೂರಕ್ಕೆ ಹೋದವರು ಪಟ್ಟಿಯಲ್ಲಿರುವುದನ್ನೆಲ್ಲ ನೋಡಿ ಮುಗಿಸಬೇಕೆಂಬ ಋಣಕ್ಕೆ ಬೀಳುವರು. ಹತ್ತಿರದ ಜಾಗಕ್ಕೆ ಆ ಋಣವಿಲ್ಲ. ಬಿಟ್ಟದ್ದನ್ನು ಮುಂದಿನ ವಾರ ನೋಡಬಹುದು. ಹೀಗೆ ಅವಸರ ತೊಲಗಿದಲ್ಲಿ ಮಾತ್ರ ಮನುಷ್ಯನು ಒಂದು ಕಡೆ ಕೂರಬಲ್ಲನು, ಕುಳಿತಲ್ಲಿ ಮಾತ್ರ ಕೈಗೆ ಕೆಲಸ ಒದಗಬಲ್ಲದು, ಕೈ ತನ್ನ ಪಾಡಿಗೆ ತಾನು ಆಡುತ್ತಿರುವಾಗ ಮಾತ್ರ ಕಣ್ಣು ಯಾವ ಒತ್ತಾಯವೂ ಇಲ್ಲದೆ ಎದುರಿಗಿರುವುದನ್ನು ನಿಧಾನವಾಗಿ ಕಾಣಬಲ್ಲದು. ಸುತ್ತಾಟವೂ ಹೆಣಿಗೆಯೂ ಒಂದಕ್ಕೊಂದು ಅಡ್ಡಿಯೆಂದು ತಿಳಿಯುವವರಿಗೆ ನಾನು ಹೇಳಬೇಕಾದದ್ದು ಇದೇ: ಕೈಗೆ ಕೆಲಸವಿದ್ದವರೇ ಒಂದು ಸ್ಥಳದಲ್ಲಿ ಬೇಸರವಿಲ್ಲದೆ ಎರಡು ಗಂಟೆ ಕೂರುವರು, ಹಾಗೆ ಕೂತವರಿಗೇ ಆ ಸ್ಥಳ ಒಲಿಯುವುದು.

ಶನಿವಾರ ಬೆಳಿಗ್ಗೆ, ಬಿಸಿಲೇರುವ ಮುನ್ನ, ಸಾಗರದಿಂದ ಇಕ್ಕೇರಿಗೆ ಹೊರಡಬಹುದು. ಆರು ಕಿಲೋಮೀಟರಿನಷ್ಟು ದಾರಿ. ಕೆಳದಿಯ ಅರಸರು ಅಲ್ಲಿಂದ ಎದ್ದು ಬಂದು ರಾಜಧಾನಿ ಮಾಡಿಕೊಂಡಿದ್ದ ಊರು ಇದು. ಆಮೇಲೆ ಅವರು ಇಲ್ಲಿಂದಲೂ ಎದ್ದು ಬಿದನೂರಿಗೆ ಹೋದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಘಟ್ಟ ಹತ್ತಿ ಇಲ್ಲಿಗೆ ಬಂದು, ಹೆಣ್ಣುಮಕ್ಕಳು ಗುಂಪುಗೂಡಿ ಕೋಲುಗಳನ್ನು ತಟ್ಟುತ್ತ ಬೀದಿಯಲ್ಲಿ ಹಾಡಿ ಕುಣಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ಬೀದಿಗಳು ಇಂದು ಇಲ್ಲ. ಉಳಿದಿರುವುದು ಅಘೋರೇಶ್ವರನ ದೇವಾಲಯ, ಉತ್ತರಾಭಿಮುಖವಾಗಿ, ಎದುರಿಗೆ ನಂದಿಯ ಮಂಟಪವನ್ನಿಟ್ಟುಕೊಂಡು. ಒಳಗಿನ ನೆಲದ ಮೇಲೆ ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದಿರುವ ಆಕೃತಿಗಳನ್ನು ಕೆತ್ತಿದ್ದಾರೆ. ಬಂದ ಭಕ್ತರು ತಮ್ಮ ಮೇಲೆ ಕಾಲಿಟ್ಟು ನಡೆಯಲೆಂದು ಅರಸರು ನೆಲದಲ್ಲಿ ಮಲಗಿದ ಆ ವಿನಯವು ಯಾವ ಶಿಲಾಶಾಸನಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದಿದೆ. ಗೋಡೆಗಳಲ್ಲಿನ ಕಲ್ಲಿನ ಜಾಲಂಧ್ರಗಳ ಬಳಿ ಬೆಳಗಿನ ಹೊತ್ತು ನಿಂತು ನೋಡಬೇಕು: ತೂತುಗಳ ನಡುವಣ ಕಲ್ಲು ಒಂದರೊಳಗೊಂದು ಹೆಣೆದುಕೊಂಡು ಹೋಗಿರುವ ಕ್ರಮ, ಒಂದು ಮಾದರಿ ಪೂರ್ತಿಯಾಗಿ ಮರಳಿ ಮೊದಲಾಗುವ ಜಾಗ, ಅಂಚಿಗೆ ಬಂದಾಗ ಶಿಲ್ಪಿಯು ಅದನ್ನು ಅರ್ಧಕ್ಕೆ ಕತ್ತರಿಸದೆ ಮುಗಿಸಿರುವ ಬಗೆ. ಹೂವಿನ ಹೆಣಿಗೆ ಹಾಕಿದವರಿಗೆ ಆ ಅಂಚಿನ ಕಷ್ಟ ಗೊತ್ತು. ಅಲ್ಲಿ ಮಾತ್ರ ಕಡ್ಡಿಯನ್ನು ಚೀಲದಲ್ಲಿಟ್ಟು ಬರಿಗೈಯಲ್ಲಿ ನೋಡಿರೆಂದು ನನ್ನ ವಿನಂತಿ.

ಇಕ್ಕೇರಿಯ ವಿಷಯವಾಗಿ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಒಂದು ಸಂಗತಿ ದಾಖಲಾಗಿದೆ. ಈ ದೇವಾಲಯದ ನಡುಗಂಬಗಳ ಅಂತರವನ್ನೇ ತೋಟದ ಜಮೀನಿನ ಅಳತೆಗೆ ಪ್ರಮಾಣವಾಗಿ ಹಿಡಿದಿದ್ದರಂತೆ. ಆ ಅಳತೆಯ ಗಳುವಿನ ಉದ್ದ 18 ಅಡಿ 6 ಅಂಗುಲ. ಸೀಮೆಯ ಅಡಕೆತೋಟಗಳಿಗೆಲ್ಲ ಅಳತೆಯು ಎಲ್ಲರೂ ಹೋಗಿ ನೋಡಬಹುದಾದ, ಯಾರೂ ಕದಲಿಸಲಾರದ ಎರಡು ಕಲ್ಲುಕಂಬಗಳ ನಡುವೆ ನಿಂತಿತ್ತೆಂಬುದು ಎಂಥ ಆಡಳಿತದ ಬುದ್ಧಿ! ನಂದಿಮಂಟಪದ ನೆರಳಿನಲ್ಲಿ ಕುಳಿತು ಹೆಣಿಗೆಯನ್ನು ಹೊರತೆಗೆದವರು ಈ ಪ್ರಮಾಣದ ಮಾತನ್ನು ನೆನೆಯಲೇಬೇಕು. ಏಕೆಂದರೆ ನಮ್ಮ ಹೆಣ್ಣುಮಕ್ಕಳು ಸ್ವೆಟರಿನಲ್ಲಿ ಸೋಲುವುದು ವಿನ್ಯಾಸದಲ್ಲಲ್ಲ, ಅಳತೆಯಲ್ಲಿ. 10ನೆಯ ನಂಬರಿನ ಕಡ್ಡಿಯಲ್ಲಿ ನಾಲ್ಕು ಎಳೆಯ ಉಣ್ಣೆಯನ್ನು ಹಾಕಿದರೆ ಹದವಾದ ಕೈಗೆ ಅಂಗುಲಕ್ಕೆ 7 ಕುಣಿಕೆ ಬರುತ್ತದೆ. ಹನ್ನೆರಡು ಅಂಗುಲದ ಬೆನ್ನಿಗೆ 84 ಕುಣಿಕೆ. ಕೈ ಸ್ವಲ್ಪ ಸಡಿಲವಾಗಿ ಅಂಗುಲಕ್ಕೆ 6 ಬಿತ್ತೆಂದರೆ ಅದೇ 84 ಕುಣಿಕೆಯ ಬೆನ್ನು 14 ಅಂಗುಲವಾಗುವುದು. ಎದೆಯೂ ಹಾಗೆಯೇ ಆಗಿ, 24 ಅಂಗುಲ ಸುತ್ತಳತೆಯ ಮಗುವಿಗೆ 28 ಅಂಗುಲದ ಅಂಗಿ ಸಿದ್ಧವಾಗುವುದು. ಆದ್ದರಿಂದ ಕೆಲಸಕ್ಕೆ ತೊಡಗುವ ಮುನ್ನ ಅಂಗೈಯಗಲದ ಮಾದರಿ ತುಂಡೊಂದನ್ನು ಹೆಣೆದು, ಅದನ್ನು ಒಗೆದು, ಆರಿಸಿ, ಆಮೇಲೆ ಅಳೆಯಬೇಕು. ಒಗೆಯದೆ ಅಳೆದರೆ ಆ ಅಳತೆ ಸುಳ್ಳು. ಬೇಸಗೆಯಲ್ಲಿ ಅಳತೆ ತಪ್ಪುವುದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಬೆಳಗಿನ ತಂಪಿನಲ್ಲಿ ಸಲೀಸಾಗಿ ಸಾಗುವ ಕೈ ಮಧ್ಯಾಹ್ನದ ಬೆವರಿಗೆ ತಡೆದು ತಡೆದು, ಕುಣಿಕೆಯನ್ನು ತಾನಾಗಿ ಬಿಗಿ ಮಾಡುತ್ತದೆ. ಒಂದೇ ಬೆನ್ನಿನಲ್ಲಿ ಬೆಳಗಿನ ಸಾಲುಗಳೂ ನಡುಹಗಲಿನ ಸಾಲುಗಳೂ ಬೇರೆಬೇರೆಯಾಗಿ ಕಾಣುವುದುಂಟು. ನಡುಹಗಲು ಹೆಣೆಯದಿರುವುದೇ ಲೇಸು. ಅಂಗೈಯಲ್ಲಿ ಬೆವರು ಹೆಚ್ಚಾಗಿ ಬರುವವರು ಉಕ್ಕಿನ ಕಡ್ಡಿಯನ್ನು ಬಿಟ್ಟು ಬಿದಿರಿನ ಕಡ್ಡಿಯನ್ನು ಹಿಡಿಯಬೇಕು. ಚೆನ್ನಾಗಿ ಬಲಿತು ಒಣಗಿದ ಬಿದಿರಿನ ಸೀಳನ್ನು ಉಜ್ಜುಕಾಗದದಿಂದ ತಿಕ್ಕಿ, ತುದಿಯನ್ನು ಮೊನಚು ಮಾಡಿ, ಸ್ವಲ್ಪ ಕೊಬ್ಬರಿಯೆಣ್ಣೆ ಸವರಿದರೆ ಅಂಥ ಕಡ್ಡಿ ಮನೆಯಲ್ಲಿಯೇ ಆಗುವುದು.

ಮಧ್ಯಾಹ್ನದ ಬಿಸಿಲನ್ನು ಹೆಗ್ಗೋಡಿನ ಕಡೆ ಕಳೆಯಬಹುದು. 1949ರಲ್ಲಿ ನೀನಾಸಮ್ ರಂಗಸಂಸ್ಥೆ ಹುಟ್ಟಿದ ಈ ಹಳ್ಳಿಯ ಹೆಸರನ್ನು ನಾಟಕದ ಮೂಲಕ ನಾಡೆಲ್ಲ ಬಲ್ಲುದು. ಅದರ ನೆರೆಯಲ್ಲೇ, ಭೀಮನಕೋಣೆಯಲ್ಲಿ, ಹಳ್ಳಿಯ ಹೆಣ್ಣುಮಕ್ಕಳ ಸಹಕಾರಸಂಘವಾದ ಚರಕದ ಕೈಮಗ್ಗಗಳಿವೆ. ರಂಗಕರ್ಮಿ ಪ್ರಸನ್ನ ಅವರು ಈ ಸಂಸ್ಥೆಯನ್ನು ಕಟ್ಟುವುದರಲ್ಲಿ ಮುಂದಾಗಿ ನಿಂತವರು. ಅಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಬಣ್ಣ ಕಾಯಿಸುವಲ್ಲಿ. ಎಳೆಯ ಅಡಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ರಸಕ್ಕೆ ನಾವು ಚೊಗರು ಎನ್ನುತ್ತೇವೆ. ಅಡಕೆಯ ಕೊಯ್ಲಿನ ಕಾಲದಲ್ಲಿ ನಮ್ಮ ಸೀಮೆಯ ಮನೆಮನೆಯಲ್ಲಿಯೂ ಕಾಣುವ, ತಾಗಿದ ಬಟ್ಟೆಯಿಂದ ಎಷ್ಟು ಒಗೆದರೂ ಬಿಡದ ಈ ಚೊಗರನ್ನೇ ಅವರು ಹತ್ತಿಯ ನೂಲಿಗೆ ಬಣ್ಣವಾಗಿ ಊಡಿಸುತ್ತಾರೆ. ಹೆಂಗಸರು ಶತಮಾನಗಳ ಕಾಲ ಕಲೆಯೆಂದು ಬೈದು ತಿಕ್ಕಿದ ವಸ್ತುವನ್ನು ಹೆಂಗಸರೇ ಜೀವನೋಪಾಯದ ಬಣ್ಣವಾಗಿ ಮಾಡಿಕೊಂಡದ್ದು ನಮ್ಮ ಕಾಲದ ಒಂದು ಒಳ್ಳೆಯ ಕಾರ್ಯವೆಂದು ನಾನು ಮನಸಾರೆ ಎಣಿಸಿದ್ದೇನೆ.

ಉಣ್ಣೆಗೂ ಚೊಗರು ಹಿಡಿಯುತ್ತದೆ, ಹತ್ತಿಗಿಂತ ಸುಲಭವಾಗಿಯೇ ಹಿಡಿಯುತ್ತದೆ. ಬಿಳಿಯ ಉಣ್ಣೆಯ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಪಟಿಕ ಬೆರೆಸಿದ ನೀರಿನಲ್ಲಿ ನೆನೆಸಿ, ಅನಂತರ ತೆಳುಮಾಡಿದ ಚೊಗರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಮೆಲ್ಲಗೆ ಬಿಸಿಮಾಡಬೇಕು. ನೀರು ತಳಮಳಿಸಿ ಕುದಿಯಬಾರದು, ಕೋಲಿನಿಂದ ಜೋರಾಗಿ ತಿರುವಬಾರದು, ಬಿಸಿಯಿಂದ ತೆಗೆದ ಲಡಿಯನ್ನು ತಟಕ್ಕನೆ ತಣ್ಣೀರಿಗೆ ಅದ್ದಬಾರದು. ಇವುಗಳಲ್ಲಿ ಯಾವುದೊಂದನ್ನು ಮಾಡಿದರೂ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುವುವು. ಪಾತ್ರೆಯಲ್ಲಿಯೇ ಆರಲು ಬಿಟ್ಟು ಮರುದಿನ ತೆಗೆದರೆ, ನೆರಳಿನಲ್ಲಿ ಒಣಗಿದ ಮೇಲೆ, ತೇಗದ ತೊಗಟೆಗೂ ಕಾವಿಗೂ ನಡುವಣ ಒಂದು ಬಣ್ಣ ಕಾಣುವುದು. ಪೇಟೆಯಲ್ಲಿ ಯಾವ ಅಂಗಡಿಯಲ್ಲಿಯೂ ಆ ಬಣ್ಣದ ಉಣ್ಣೆಯನ್ನು ನಾನು ಕಂಡಿಲ್ಲ. ಶನಿವಾರ ರಾತ್ರಿ ಪಾತ್ರೆಯಲ್ಲಿಟ್ಟು ಭಾನುವಾರ ಬೆಳಿಗ್ಗೆ ತಂತಿಯ ಮೇಲೆ ಹಾಕಿ ಹೊರಟರೆ ಎರಡು ದಿನದ ರಜೆಗೆ ಅದು ಹೇಳಿ ಮಾಡಿಸಿದ ಕೆಲಸ.

ಈಗ ಒಂದು ಕಟುವಾದ ಮಾತು. ಮೇ ತಿಂಗಳಿನಲ್ಲಿ ಜೋಗಕ್ಕೆ ಹೋಗಬೇಡಿರಿ. 253 ಮೀಟರು ಎತ್ತರದ ಬಂಡೆಯ ಮೇಲೆ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳಿದ್ದಲ್ಲಿ ಆಗ ಇರುವುದು ಒದ್ದೆಯ ಗುರುತು ಮಾತ್ರ. ನೀರೆಲ್ಲ ಮೇಲೆ ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ತಡೆದು ನಿಂತಿರುತ್ತದೆ. ಬೇಸಗೆಯಲ್ಲಿ ನೋಡತಕ್ಕದ್ದು ಆ ಹಿನ್ನೀರನ್ನೇ. ನೀರು ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿಗೂ ಮುಂಚೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ತನ್ನ ಮೈಯನ್ನು ಹೊರಗೆ ತೋರುತ್ತದೆ. ಮುಳುಗಿದ ಹಳ್ಳಿಗಳ ಮರದ ಬೊಡ್ಡೆಗಳು ದಂಡೆಯ ಬಿರುಕುನೆಲದ ಮೇಲೆ ನಿಂತಿರುತ್ತವೆ. ಅಲ್ಲಿಂದ ಒಕ್ಕಲೆದ್ದು ಹೋದ ಕುಟುಂಬಗಳವರು ಇಂದಿಗೂ ನಮ್ಮ ನಡುವೆ ಇದ್ದಾರೆಂಬುದನ್ನು ನೆನೆದು, ಆ ದಂಡೆಯಲ್ಲಿ ಮಾತನ್ನು ಸ್ವಲ್ಪ ತಗ್ಗಿಸಬೇಕು. ಹಿನ್ನೀರಿನ ಆಚೆ ದಡದ ತುಮರಿಯ ಕಡೆಯವರಿಗೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ತರುವಾಯ ಆರು ದಶಕಗಳ ಕಾಲ ಲಾಂಚೇ ರಸ್ತೆಯಾಗಿತ್ತು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವವರ ಸಾಲು ರಜೆಯ ದಿನಗಳಲ್ಲಿ ಹೊಳೆಬಾಗಿಲಿನ ದಂಡೆಯ ಮೇಲೆ ಎಷ್ಟು ಉದ್ದ ನಿಲ್ಲುತ್ತಿತ್ತೆಂದರೆ, ಆ ಕಾಯುವಿಕೆಯಲ್ಲಿ ಒಂದು ಕುಲಾವಿಯನ್ನು ಮುಗಿಸಿದ ಹೆಂಗಸರನ್ನು ನಾನು ಬಲ್ಲೆ. 2025ರ ಜುಲೈ ತಿಂಗಳಿನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ತೆರೆದ ಮೇಲೆ ಆ ಸಾಲೂ ಇಲ್ಲ, ಆ ಬಿಡುವೂ ಇಲ್ಲ. ಪ್ರಸವದ ನೋವಿನಲ್ಲಿ ನಡುರಾತ್ರಿ ಲಾಂಚಿಗಾಗಿ ಕಾದವರ ಕಷ್ಟವನ್ನು ಕೇಳಿದ ಯಾರೂ ಸೇತುವೆಗಾಗಿ ಸಂತೋಷಪಡದೆ ಇರಲಾರರು, ನಾನೂ ಸಂತೋಷಪಟ್ಟಿದ್ದೇನೆ. ನಮ್ಮ ಹೆಣಿಗೆಗೆ ದಂಡೆಯಲ್ಲಿ ಬೇರೆ ಮರದ ನೆರಳು ಸಿಕ್ಕೀತು.

ಭಾನುವಾರದ ಬೆಳಗನ್ನು ಹೊಸನಗರ ತಾಲ್ಲೂಕಿಗೆ ಮೀಸಲಿಡಬೇಕು. ಹುಂಚದ ಪದ್ಮಾವತಿಯ ಸನ್ನಿಧಿ, ರಾಮಚಂದ್ರಾಪುರದ ಮಠ, 1343 ಮೀಟರಿನ ಕೊಡಚಾದ್ರಿ, ಇವು ಒಂದೊಂದಕ್ಕೂ ಒಂದೊಂದು ದಿನ ಬೇಕು. ಅದರಲ್ಲಿಯೂ ಕೊಡಚಾದ್ರಿ ಏರುವವರು ಉಣ್ಣೆಯ ಉಂಡೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಲಿ. ನಮ್ಮ ನಿಧಾನದ ದಿನಕ್ಕೆ ಒದಗುವುದು ನಗರ. ಒಂದು ಕಾಲಕ್ಕೆ ಬಿದನೂರೆಂಬ ಹೆಸರಿನಲ್ಲಿ ಶಿವಪ್ಪನಾಯಕನ ಶಿಸ್ತನ್ನೂ ರಾಣಿ ಚೆನ್ನಮ್ಮನ ಧೈರ್ಯವನ್ನೂ ಕಂಡ ಈ ಪಟ್ಟಣ 1763ರಲ್ಲಿ ಹೈದರಾಲಿಯ ಕೈಸೇರಿತು. ಕೋಟೆಯ ಕಲ್ಲುಗಳ ನಡುವೆ ಮಕ್ಕಳನ್ನು ಆಡಲು ಬಿಟ್ಟು ಹಿರಿಯರು ದೇವಗಂಗೆಯ ಕೊಳಗಳ ಬಳಿಗೆ ಹೋಗಬೇಕು. ಗುಡ್ಡದ ಒರತೆಯ ನೀರನ್ನು ಕಲ್ಲಿನ ಕಾಲುವೆಯಲ್ಲಿ ತಂದು, ಬೇರೆಬೇರೆ ಆಕಾರದ ಕೊಳಗಳಲ್ಲಿ ಒಂದರಿಂದೊಂದಕ್ಕೆ ಹರಿಯುವಂತೆ ಕೆಳದಿಯವರು ಮಾಡಿದ ಏರ್ಪಾಡು ಅದು. ಬೇಸಗೆಯ ಬೆಳಿಗ್ಗೆ ಆ ನೀರಿಗೆ ಕಾಲಿಳಿಬಿಟ್ಟು ಮೆಟ್ಟಿಲ ಮೇಲೆ ಕೂತರೆ ಅದಕ್ಕಿಂತ ಹಿತವಾದ ಹೆಣಿಗೆಯ ಪೀಠ ಈ ಮೂರು ತಾಲ್ಲೂಕುಗಳಲ್ಲಿ ನನಗೆ ತಿಳಿದಂತೆ ಬೇರೊಂದಿಲ್ಲ.

ನನ್ನ ದೊಡ್ಡಮ್ಮನಿಂದ ಹೆಣಿಗೆ ಕಲಿತ ಎಳೆಯ ಹುಡುಗಿಯೊಬ್ಬಳು ಹೀಗೊಂದು ಪ್ರವಾಸದಲ್ಲಿ ಹತ್ತು ಸಾಲು ಕೆಳಗೆ ಕುಣಿಕೆಯೊಂದು ಜಾರಿ ಏಣಿಯಂತೆ ಇಳಿದು ಹೋದದ್ದನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡಳು. ದೊಡ್ಡಮ್ಮ ಕೈಚೀಲದಿಂದ ಕ್ರೋಶಾ ಕಡ್ಡಿಯನ್ನು ತೆಗೆದು, ಜಾರಿದ ಕುಣಿಕೆಯನ್ನು ತುದಿಯ ಕೊಕ್ಕೆಯಲ್ಲಿ ಹಿಡಿದು, ಮೇಲಿನ ಅಡ್ಡ ಎಳೆಯನ್ನು ಅದರೊಳಗಿಂದ ಸೆಳೆದು, ಮತ್ತೆ ಅದರ ಮೇಲಿನದನ್ನು ಸೆಳೆದು, ಒಂದೊಂದೇ ಮೆಟ್ಟಿಲಾಗಿ ಹತ್ತೂ ಸಾಲು ಏರಿಸಿ ಕಡ್ಡಿಯ ಮೇಲೆ ತಂದು ಕೂರಿಸಿದಳು. "ಮಳೆಗಾಲಕ್ಕೆ ಇನ್ನೂ ದಿನ ಇದ್ದು ಕೂಸೆ" ಎಂದಷ್ಟೇ ಅವಳು ಹೇಳಿದ್ದು. ಹುಡುಗಿ ಆ ಕೊಕ್ಕೆಯನ್ನು ಇಸಿದುಕೊಂಡು, ಬೇಕೆಂದೇ ಇನ್ನೊಂದು ಕುಣಿಕೆಯನ್ನು ಜಾರಿಸಿ, ತಾನೇ ಏರಿಸಿ ನೋಡಿದಳು. ಮಕ್ಕಳಿಗೆ ಹೆಣಿಗೆ ಕಲಿಸುವವರು ಈ ರಿಪೇರಿಯ ವಿದ್ಯೆಯನ್ನು ಮೊದಲ ದಿನವೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಬಿಚ್ಚಿದ್ದನ್ನು ಕೂಡಿಸಬಲ್ಲೆನೆಂಬ ಧೈರ್ಯವಿಲ್ಲದ ಕೈ ಎಂದಿಗೂ ಸಡಿಲವಾಗದು. ಗಂಡುಮಕ್ಕಳಿಗೂ ಕಲಿಸಬೇಕು. ಸಾಗರದ ಗುಡಿಗಾರರ ಮನೆಗಳಲ್ಲಿ ಶ್ರೀಗಂಧದ ಕೆತ್ತನೆಯನ್ನು ಗಂಡಸರೂ ಹೆಂಗಸರೂ ಮಾಡುವುದನ್ನು ಕಂಡವರು, ನಯವಾದ ಕೈಗೆಲಸ ಹೆಣ್ಣಿನ ಕೈಗೆ ಮಾತ್ರ ಮೀಸಲೆಂದು ಹೇಗೆ ಒಪ್ಪಿಯಾರು?

ಸಂಜೆ ಇಳಿಬಿಸಿಲಿಗೆ ತೀರ್ಥಹಳ್ಳಿ. ಬೇಸಗೆಯ ತುಂಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತ, ಪರಶುರಾಮನು ಕೊಡಲಿ ತೊಳೆದನೆಂದು ಹೇಳುವ ತೀರ್ಥದ ಮಗ್ಗುಲಲ್ಲಿ ಮಡುವಾಗಿ ನಿಲ್ಲುತ್ತಾಳೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಕಾಲಿಡಲು ಎಡೆಯಿಲ್ಲದ ಈ ದಂಡೆ ಮೇ ತಿಂಗಳ ಭಾನುವಾರ ಮನೆಮಂದಿಗೆಲ್ಲ ಒಂದೊಂದು ಬಂಡೆಯನ್ನು ಕೊಡಬಲ್ಲದು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕೆಂಬ ಗಾದೆಯನ್ನು ಹಿರಿಯರು ಇಲ್ಲಿ ಮರೆಯದೆ ಹೇಳುವರು. ಸಮಯವಿದ್ದವರು ಕೊಪ್ಪದ ದಾರಿ ಹಿಡಿದು ಗಡಿಕಲ್ಲಿನ ಬಳಿ ತಿರುಗಿ ಕುಪ್ಪಳಿಗೆ ಹೋಗುವುದುಂಟು. ಕುವೆಂಪು ಅವರು ಬೆಳೆದ ಆ ದೊಡ್ಡ ಮನೆಯಲ್ಲಿ ಮಲೆನಾಡಿನ ಸಂಸಾರವೊಂದರ ಹಳೆಯ ಬಳಕೆಯ ಸಾಮಾನುಗಳನ್ನು ಜೋಪಾನವಾಗಿ ಇರಿಸಿದ್ದಾರೆ. ಅಲ್ಲಿ ಹೆಂಗಸರು ನಿಲ್ಲುವುದು ಬಹುಮಾನ ಪದಕಗಳ ಎದುರಿಗಿಂತ ಹೆಚ್ಚಾಗಿ ಅಡಿಗೆಮನೆಯ, ಬಾಣಂತಿಕೋಣೆಯ ಸಾಮಾನುಗಳ ಎದುರಿಗೆ. ನಿಂತು, ಇದು ನಮ್ಮಜ್ಜಿಯ ಮನೆಯಲ್ಲಿಯೂ ಇತ್ತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಕವಿಯ ಸಮಾಧಿಯಿರುವ ಕವಿಶೈಲವನ್ನು ಏರಿ, ಪಡುವಣ ಮಲೆಗಳ ಸಾಲು ಒಂದರ ಹಿಂದೊಂದಾಗಿ ಮಸುಕಾಗುತ್ತ ಹೋಗುವುದನ್ನು ನೋಡುವಾಗ, ಮೂರು ವಾರಗಳಲ್ಲಿ ಮಳೆ ಬರುವುದು ಆ ದಿಕ್ಕಿನಿಂದಲೇ ಎಂಬ ಅರಿವು ತಾನಾಗಿ ಮೂಡುವುದು.

ಹೊರಡುವವರ ಅನುಕೂಲಕ್ಕಾಗಿ ಇನ್ನೆರಡು ಮಾತು. ಪ್ರವಾಸಕ್ಕೆ ಎರಡು ಬಗೆಯ ಹೆಣಿಗೆಯನ್ನು ಒಯ್ಯಬೇಕು. ನಾಲ್ಕು ಜನ ಸೇರಿ ಹರಟುವಲ್ಲಿಗೆ, ಬಸ್ಸಿನಲ್ಲಿ ಕೂರುವಲ್ಲಿಗೆ, ಸೀದಾ ಒಂದು ಸಾಲು ಉಲ್ಟಾ ಒಂದು ಸಾಲೆಂದು ಎಣಿಕೆಯಿಲ್ಲದೆ ಸಾಗುವ ಬೆನ್ನಿನ ತುಂಡು. ಒಬ್ಬರೇ ಕೂರುವ ತಾವಿಗೆ ಎಣಿಸಿ ಹಾಕಬೇಕಾದ ಹೂವಿನ ತುಂಡು. ಎಣಿಕೆಯ ಕೆಲಸವನ್ನು ಮಾತಿನ ನಡುವೆ ಹಿಡಿದರೆ ಎರಡೂ ಕೆಡುವುವು. ಬೆಳೆದ ಸ್ವೆಟರು ಮಡಿಲ ಮೇಲೆ ಬಿದ್ದರೆ ಬೇಸಗೆಯಲ್ಲಿ ಸೆಕೆ ಹತ್ತುವುದು. ಆದಕಾರಣ ಬೆನ್ನು, ಎದೆ, ತೋಳುಗಳನ್ನು ಬೇರೆಬೇರೆಯಾಗಿ ಹೆಣೆದು ಕಡೆಗೆ ಜೋಡಿಸುವ ಕ್ರಮವೇ ಈ ಕಾಲಕ್ಕೆ ತಕ್ಕದ್ದು. ತೋಳನ್ನು ಎಲ್ಲಕ್ಕೂ ಕೊನೆಗೆ ಇಟ್ಟುಕೊಳ್ಳಬೇಕು. ರಜೆಯಲ್ಲಿ ಅಜ್ಜನ ಮನೆಯ ಹಲಸು ಮಾವುಗಳನ್ನು ತಿಂದು ಬಂದ ಮಗು ಶಾಲೆ ತೆರೆಯುವ ಹೊತ್ತಿಗೆ ಎಷ್ಟು ಉದ್ದವಾಗಿರುವುದೋ ಹೇಳಲಾಗದು. ತೋಳನ್ನು ಭುಜದಿಂದ ಮುಂಗೈಯ ಕಡೆಗೆ ಹೆಣೆಯುತ್ತ ಬಂದರೆ ಮರುವರ್ಷ ಮುಂಗೈಯ ಅಂಚನ್ನು ಬಿಚ್ಚಿ ಎರಡು ಅಂಗುಲ ಸೇರಿಸುವುದು ಸುಲಭ. ಅದಕ್ಕೆಂದು ಅದೇ ಬಣ್ಣದ ಒಂದು ಉಂಡೆಯನ್ನು, ಚೊಗರಿನದಾದರೆ ಅದೇ ಪಾತ್ರೆಯಲ್ಲಿ ಅದ್ದಿದ ಒಂದು ಲಡಿಯನ್ನು, ಒಣಗಿದ ಲಕ್ಕಿಸೊಪ್ಪಿನೊಡನೆ ಪೆಟ್ಟಿಗೆಯಲ್ಲಿ ಎತ್ತಿಡಿರಿ. ಇನ್ನೊಮ್ಮೆ ಅದ್ದಿದ ಬಣ್ಣ ಮೊದಲಿನದಕ್ಕೆ ಕೂಡುವುದಿಲ್ಲ.